ಟ್ಯಾಂಕಿನಲ್ಲಿ ಇನ್ನೂ 76 ಕಿಲೋ ಇತ್ತು

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ನಡುವೆ ಹರಿಯುವ ನದಿಯ ಹೆಸರು ಕ್ಲೈಡ್. ಅದರ ದಡದ ಬಳಿ 'ಕ್ಲೂತಾ' ಎಂಬ ಹಳೆಯ ಪಾನಗೃಹವೊಂದಿದೆ. ಕ್ಲೈಡ್ ನದಿಯ ಪುರಾತನ ಹೆಸರೇ ಅದು. 2013ರ ನವೆಂಬರ್ 29, ಶುಕ್ರವಾರದ ರಾತ್ರಿ. ಒಳಗೆ ವಾದ್ಯಗೋಷ್ಠಿ ನಡೆದಿತ್ತು. ನೂರಕ್ಕೂ ಹೆಚ್ಚು ಮಂದಿ ಸೇರಿದ್ದರು. ಹತ್ತು ಗಂಟೆ ಇಪ್ಪತ್ತೆರಡು ನಿಮಿಷದ ಸುಮಾರಿಗೆ ಇದ್ದಕ್ಕಿದ್ದಂತೆ ಮಾಳಿಗೆ ಕುಸಿಯಿತು. ಧೂಳು ಅಡಗಿದ ಮೇಲೆ ನೋಡಿದರೆ ಮೇಲಿನಿಂದ ಬಿದ್ದಿದ್ದು ಪೊಲೀಸ್ ಇಲಾಖೆಯ ಹೆಲಿಕಾಪ್ಟರ್. ಅದರಲ್ಲಿದ್ದ ಪೈಲಟ್, ಇಬ್ಬರು ಪೊಲೀಸರು ಮತ್ತು ಪಾನಗೃಹದಲ್ಲಿದ್ದ 7 ಮಂದಿ, ಹೀಗೆ ಒಟ್ಟು 10 ಜನ ಪ್ರಾಣ ಬಿಟ್ಟರು.

ಬೆಂಕಿ ಹೊತ್ತಲಿಲ್ಲ, ಸ್ಫೋಟವೂ ಆಗಲಿಲ್ಲ. ಪೈಲಟ್ ಐದೂವರೆ ಸಾವಿರ ಗಂಟೆಗೂ ಮಿಕ್ಕಿ ಹಾರಾಟ ನಡೆಸಿದ್ದ ಅನುಭವಿ. ಬ್ರಿಟಿಷ್ ವಾಯುಸೇನೆಯಲ್ಲಿ ದೊಡ್ಡ ಚಿನೂಕ್ ಹೆಲಿಕಾಪ್ಟರುಗಳನ್ನು ಹಾರಿಸಿ ಬಂದವರು. ಹೆಲಿಕಾಪ್ಟರ್ ಯುರೋಕಾಪ್ಟರ್ ಕಂಪನಿಯ ಇಸಿ 135. ಅದಕ್ಕೆ ಒಂದಲ್ಲ, ಎರಡು ಎಂಜಿನ್. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂಬ ಮುಂಜಾಗ್ರತೆ. ಆದರೂ ಎರಡೂ ಎಂಜಿನ್‌ಗಳು 32 ಸೆಕೆಂಡುಗಳ ಅಂತರದಲ್ಲಿ ಒಂದರ ಹಿಂದೊಂದು ನಿಂತುಹೋಗಿದ್ದವು. ಯಾಕೆ?

ಒಂದು ಚಿಕ್ಕ ಲೆಕ್ಕ ಮಾಡೋಣ. ಎಂಟನೆಯ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕ. ಆ ಸಂಜೆ 8 ಗಂಟೆ 44 ನಿಮಿಷಕ್ಕೆ ಹೆಲಿಕಾಪ್ಟರ್ ಏರಿದಾಗ ಅದರಲ್ಲಿ 400 ಕಿಲೋಗ್ರಾಂ ಇಂಧನವಿತ್ತು. ಬಿದ್ದದ್ದು 10 ಗಂಟೆ 22 ನಿಮಿಷಕ್ಕೆ. ಅಂದರೆ ಹಾರಿದ್ದು 98 ನಿಮಿಷ. ಅವಶೇಷಗಳನ್ನು ಬಿಚ್ಚಿ ನೋಡಿದ ತನಿಖೆಗಾರರಿಗೆ ಮುಖ್ಯ ಟ್ಯಾಂಕಿನಲ್ಲಿ ಸಿಕ್ಕಿದ್ದು 76 ಕಿಲೋ. ಹಾಗಾದರೆ ಖರ್ಚಾದದ್ದು 324 ಕಿಲೋ, ನಿಮಿಷಕ್ಕೆ ಸುಮಾರು 3.3 ಕಿಲೋ. ಉಳಿದ 76 ಕಿಲೋದಲ್ಲಿ ಇನ್ನೂ 23 ನಿಮಿಷ ಹಾರಬಹುದಿತ್ತು! ಅವರು ವಾಪಸು ಹೊರಟಿದ್ದ ನೆಲೆ ಅದೇ ಕ್ಲೈಡ್ ನದಿಯ ದಡದಲ್ಲಿತ್ತು.

ಇಂಧನ ಇತ್ತು, ಆದರೆ ಎಂಜಿನ್‌ಗೆ ತಲುಪಲಿಲ್ಲ. ಉಗ್ರಾಣದಲ್ಲಿ ಅಕ್ಕಿ ಇದ್ದೂ ಅಡುಗೆಮನೆಯಲ್ಲಿ ಉಪವಾಸ ಎಂಬಂತೆ. ಇಂಧನದಿಂದಾಗುವ ಅಪಘಾತಗಳನ್ನು ತಜ್ಞರು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಟ್ಯಾಂಕು ನಿಜವಾಗಿಯೂ ಬರಿದಾಗುವುದು ಒಂದು ಬಗೆ. ಟ್ಯಾಂಕಿನಲ್ಲಿ ಇದ್ದೂ ಎಂಜಿನ್‌ಗೆ ಸಿಗದಿರುವುದು ಇನ್ನೊಂದು. ಕಾರಣಗಳು ಬೇರೆ, ಫಲ ಒಂದೇ.

ಈ ಎರಡನೆಯ ಬಗೆ ಅರ್ಥವಾಗಬೇಕಾದರೆ ಹಳೆಯ ಸ್ಕೂಟರುಗಳನ್ನು ನೆನಪಿಸಿಕೊಳ್ಳಬೇಕು. ಪೆಟ್ರೋಲ್ ಮುಗಿಯಿತೆಂದು ಸ್ಕೂಟರು ನಿಂತರೆ ಸವಾರರು ಮೊದಲು ಮಾಡುತ್ತಿದ್ದ ಕೆಲಸ ಗಾಡಿಯನ್ನು ಒಂದು ಪಕ್ಕಕ್ಕೆ ವಾಲಿಸುವುದು. ಟ್ಯಾಂಕಿನ ಮೂಲೆಯಲ್ಲಿ ನಿಂತಿದ್ದ ಪೆಟ್ರೋಲು ಕೊಳವೆಯ ಬಾಯಿಗೆ ಹರಿದು ಬರುತ್ತಿತ್ತು, ಸ್ಕೂಟರು ಮತ್ತೆ ಒಂದೆರಡು ಮೈಲಿ ಓಡುತ್ತಿತ್ತು. ದ್ರವ ಸದಾ ಸಮತಟ್ಟು ಹುಡುಕುತ್ತದೆ. ಪಾತ್ರೆ ವಾಲಿದರೆ ಅದು ಒಂದು ಕಡೆಗೆ ಸೇರುತ್ತದೆ, ಇನ್ನೊಂದು ಕಡೆ ಒಣಗುತ್ತದೆ.

ಹೆಲಿಕಾಪ್ಟರ್‌ನ ಟ್ಯಾಂಕಿನಲ್ಲೂ ಹೀಗೆಯೇ. ಇಸಿ 135ರ ಹೊಟ್ಟೆಯಲ್ಲಿ ಒಂದು ದೊಡ್ಡ ಟ್ಯಾಂಕು, ಅದರ ಹಿಂದೆ ಎರಡು ಚಿಕ್ಕ ಟ್ಯಾಂಕುಗಳಿವೆ. ಎಂಜಿನ್‌ಗಳು ಇಂಧನ ಕುಡಿಯುವುದು ಈ ಚಿಕ್ಕ ಟ್ಯಾಂಕುಗಳಿಂದ, ಒಂದೊಂದು ಎಂಜಿನ್‌ಗೆ ಒಂದೊಂದು. ದೊಡ್ಡ ಟ್ಯಾಂಕಿನಿಂದ ಚಿಕ್ಕವುಗಳಿಗೆ ಇಂಧನ ಸಾಗಿಸಲು ಮುಂದೊಂದು, ಹಿಂದೊಂದು ಪಂಪು. ಹೆಲಿಕಾಪ್ಟರ್ ಮುಂದಕ್ಕೆ ಹಾರುವಾಗ ಮೂತಿ ತಗ್ಗಿಸುತ್ತದೆ. ಇಂಧನ ಕಡಿಮೆಯಿದ್ದರೆ ಅದೆಲ್ಲ ಮುಂದಕ್ಕೆ ಹರಿದು ಹಿಂದಿನ ಪಂಪು ಒಣಗುತ್ತದೆ. ನಿಂತಲ್ಲೇ ತೇಲುವಾಗ ಮೂತಿ ತುಸು ಮೇಲಕ್ಕೆದ್ದು ಮುಂದಿನ ಪಂಪು ಒಣಗುತ್ತದೆ. ಪಂಪು ಒಣಗಿ ತಿರುಗುತ್ತಿದೆ ಎಂಬ ಸೂಚನೆ ಬಂದಾಗ ಪೈಲಟ್ ಅದರ ಸ್ವಿಚ್ಚು ಆರಿಸಬೇಕು. ಹಾರಾಟದ ಭಂಗಿ ಬದಲಾದ ಮೇಲೆ ಮತ್ತೆ ಹಾಕಬೇಕು.

ಪತನದ ನಂತರ ನೋಡಿದಾಗ ಎರಡೂ ಪಂಪುಗಳ ಸ್ವಿಚ್ಚುಗಳು ಆರಿದ್ದವು. ಅವುಗಳ ಪಕ್ಕದಲ್ಲಿದ್ದ, ಎಂಜಿನ್ ಚಾಲೂ ಮಾಡುವಾಗ ಮಾತ್ರ ಬೇಕಾಗುವ ಬೇರೆ ಎರಡು ಪಂಪುಗಳ ಸ್ವಿಚ್ಚುಗಳು ಹಾಕಿದ್ದವು. ಎಡಗಡೆಯ ಚಿಕ್ಕ ಟ್ಯಾಂಕು ಬರಿದು. ಬಲಗಡೆಯದರಲ್ಲಿ ಇದ್ದದ್ದು 0.4 ಲೀಟರ್, ಅಂದರೆ ಎರಡು ಲೋಟದಷ್ಟು.

ಇಷ್ಟು ಮಾತ್ರವಾಗಿದ್ದರೆ ಇದನ್ನು ಕೈತಪ್ಪು ಎನ್ನಬಹುದಿತ್ತು. ಆದರೆ ಚಿಕ್ಕ ಟ್ಯಾಂಕುಗಳಲ್ಲಿ ಇಂಧನ ಇಳಿದೊಡನೆ ಕೆಂಪು ದೀಪ ಹೊತ್ತುತ್ತದೆ, ಪೈಲಟ್‌ನ ಕಿವಿಗೆ ಗಂಟೆಯೂ ಕೇಳಿಸುತ್ತದೆ. ಇಂಧನದ ಮಟ್ಟ ತೋರಿಸುವ ಮಾಪಕವೇ ಬೇರೆ, ಈ ದೀಪವನ್ನು ಹೊತ್ತಿಸುವ ಸಂವೇದಕವೇ ಬೇರೆ. ಒಂದು ಸುಳ್ಳು ಹೇಳಿದರೂ ಇನ್ನೊಂದು ನಿಜ ಹೇಳಲಿ ಎಂಬುದು ಉದ್ದೇಶ. ಆ ಮಾದರಿಯ ಕೆಲವು ಹೆಲಿಕಾಪ್ಟರುಗಳಲ್ಲಿ ಮಾಪಕ ಇರುವುದಕ್ಕಿಂತ ಹೆಚ್ಚು ಇಂಧನ ತೋರಿಸುವ ಸಾಧ್ಯತೆ ಇದೆಯೆಂದು ಅದೇ ಡಿಸೆಂಬರಿನಲ್ಲಿ ಬೆಳಕಿಗೆ ಬಂತು. ಕೆಂಪು ದೀಪ ಹೊತ್ತಿಕೊಂಡು ಆರದೇ ಉಳಿದರೆ ಪೈಲಟ್ ಏನು ಮಾಡಬೇಕು? ಕೈಪಿಡಿಯ ಆದೇಶ ಸ್ಪಷ್ಟವಾಗಿತ್ತು: 10 ನಿಮಿಷದೊಳಗೆ ಇಳಿಯಬೇಕು.

ಆ ರಾತ್ರಿ ಇಂಥ ಎಚ್ಚರಿಕೆ ಒಮ್ಮೆಯಲ್ಲ, ಐದು ಸಲ ಬಂದಿತ್ತು. ಐದು ಸಲವೂ 'ಕೇಳಿಸಿತು' ಎಂದು ಒಪ್ಪಿಕೊಳ್ಳುವ ಗುಂಡಿಯನ್ನು ಒತ್ತಲಾಗಿತ್ತು. ಹೆಲಿಕಾಪ್ಟರ್ ಮಾತ್ರ ಇಳಿಯಲಿಲ್ಲ. ಬಾತ್‌ವೆಲ್, ಅಡಿಂಗ್‌ಸ್ಟನ್, ಬಾರ್ಗೆಡಿ ಎಂಬ ಮೂರು ಕಡೆ ಗಸ್ತಿನ ಕೆಲಸ ಮುಗಿಸಿತು. ಯಾವುದೂ ಜೀವ ಉಳಿಸುವ ತುರ್ತಿನದಲ್ಲ. 10 ಗಂಟೆ 18 ನಿಮಿಷಕ್ಕೆ ವಾಪಸಾಗಲು ಅನುಮತಿ ಕೇಳಿದ್ದೇ ಪೈಲಟ್ ರೇಡಿಯೋದಲ್ಲಿ ಆಡಿದ ಕೊನೆಯ ಮಾತು.

ಬ್ರಿಟನ್ನಿನ ವಿಮಾನ ಅಪಘಾತ ತನಿಖಾ ಶಾಖೆ 2015ರ ಅಕ್ಟೋಬರಿನಲ್ಲಿ ವರದಿ ಕೊಟ್ಟಿತು. ಏನಾಯಿತು ಎಂಬುದನ್ನು ಅದು ಹೇಳಿತು. ಪೈಲಟ್ ಯಾಕೆ ಹಾಗೆ ಮಾಡಿದರು ಎಂಬುದು ಮಾತ್ರ ಬಿಡಿಸಲಾಗದ ಒಗಟಾಗಿಯೇ ಉಳಿಯಿತು. ಹೆಲಿಕಾಪ್ಟರ್‌ನಲ್ಲಿ ಧ್ವನಿಮುದ್ರಣ ಪೆಟ್ಟಿಗೆ ಇರಲಿಲ್ಲ. ಅಂಥ ಹೆಲಿಕಾಪ್ಟರ್‌ಗೆ ಆಗ ಅದು ಕಡ್ಡಾಯವೂ ಆಗಿರಲಿಲ್ಲ. ಮುಂದೆ 2019ರಲ್ಲಿ ನ್ಯಾಯಾಂಗ ವಿಚಾರಣೆ ನಡೆಸಿದ ಶೆರಿಫ್ ಪ್ರಿನ್ಸಿಪಾಲ್ ಕ್ರೇಗ್ ಟರ್ನ್‌ಬುಲ್ ಅವರು, ಪೈಲಟ್ ಎಚ್ಚರಿಕೆಗಳನ್ನು ತಿಳಿದೂ ಕಡೆಗಣಿಸಿದರು ಎಂದು ತೀರ್ಮಾನಿಸಿದರು. ಸತ್ತವರ ಬಂಧುಗಳಲ್ಲಿ ಈ ತೀರ್ಮಾನವನ್ನು ಒಪ್ಪದವರೂ ಇದ್ದಾರೆ.

ಇಲ್ಲಿ ಓದುಗರಿಗೆ ಒಂದು ಪ್ರಶ್ನೆ ಹುಟ್ಟಬಹುದು. ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳಲೇಬೇಕೆ? ಬೇಕಿಲ್ಲ. ಬೆಂಗಳೂರಿನ ರಸ್ತೆ ಬದಿಯ ಮಹಾಗನಿ ಮರದ ಕೆಳಗೆ ಬೇಸಿಗೆಯಲ್ಲಿ ನಿಂತು ನೋಡಿ. ಒಡೆದ ಕಾಯಿಯಿಂದ ಉದುರುವ ಬೀಜಕ್ಕೆ ಒಂದೇ ಒಂದು ರೆಕ್ಕೆ. ಅದು ದಬ್ಬನೆ ಬೀಳುವುದಿಲ್ಲ. ಗಿರಿಗಿರಿ ತಿರುಗುತ್ತ ನಿಧಾನವಾಗಿ ಇಳಿಯುತ್ತದೆ. ಅದಕ್ಕೆ ಎಂಜಿನ್ ಎಲ್ಲಿದೆ? ಕೆಳಗಿನಿಂದ ಮೇಲಕ್ಕೆ ನುಗ್ಗುವ ಗಾಳಿಯೇ ಅದನ್ನು ತಿರುಗಿಸುತ್ತದೆ. ಜಾತ್ರೆಯಲ್ಲಿ ಕೊಂಡ ಕಾಗದದ ಗಿರಿಗಿಟ್ಲೆಯನ್ನು ಹಿಡಿದು ಮಕ್ಕಳು ಓಡಿದಾಗ ಅದು ತಿರುಗುವುದೂ ಇದೇ ತತ್ತ್ವದಿಂದ.

ಹೆಲಿಕಾಪ್ಟರ್ ಪೈಲಟ್‌ಗಳು ಇದನ್ನು ಆಟೊರೊಟೇಶನ್ ಎನ್ನುತ್ತಾರೆ. ಎಂಜಿನ್ ನಿಂತ ಕ್ಷಣವೇ ಎಡಗೈಯ ಹಿಡಿಯನ್ನು ಕೆಳಗೆ ಒತ್ತಿ, ತಲೆಯ ಮೇಲಿನ ಅಲಗುಗಳ ಓರೆಯನ್ನು ಕಡಿಮೆ ಮಾಡಬೇಕು. ಆಗ ಯಂತ್ರ ಇಳಿಯತೊಡಗುತ್ತದೆ, ಕೆಳಗಿನಿಂದ ಬರುವ ಗಾಳಿ ಅಲಗುಗಳನ್ನು ತಿರುಗಿಸುತ್ತಲೇ ಇರುತ್ತದೆ. ಹೀಗೆ ಅಲಗುಗಳಲ್ಲಿ ಕೂಡಿಟ್ಟ ಚಲನಶಕ್ತಿಯನ್ನು ನೆಲದ ಹತ್ತಿರ ಬಂದಾಗ ಒಮ್ಮೆಲೇ ಖರ್ಚು ಮಾಡಿ ಮೆತ್ತಗೆ ಇಳಿಯಬೇಕು. ಎತ್ತರವನ್ನು ಕೊಟ್ಟು ತಿರುಗುವಿಕೆಯನ್ನು ಕೊಳ್ಳುವ ವ್ಯಾಪಾರ ಇದು.

ಆದರೆ ಈ ವ್ಯಾಪಾರಕ್ಕೆ ಸಿಗುವ ಸಮಯ ಒಂದೆರಡು ಸೆಕೆಂಡು ಮಾತ್ರ. ತಡವಾದರೆ ಅಲಗುಗಳ ವೇಗ ಕುಗ್ಗುತ್ತದೆ. ಒಂದು ಮಿತಿಗಿಂತ ಕೆಳಗೆ ಹೋದರೆ ಮತ್ತೆ ತರಲಾಗದು. ಜೊತೆಗೆ ಎತ್ತರ ಬೇಕು, ಇಲ್ಲವೇ ವೇಗ ಬೇಕು, ಕೆಳಗೆ ಬಯಲೂ ಬೇಕು. ಗ್ಲಾಸ್ಗೋದಲ್ಲಿ ಕೆಳಗಿದ್ದದ್ದು ದಟ್ಟ ನಗರ, ಸುತ್ತ ಕತ್ತಲೆ. ಎರಡನೆಯ ಎಂಜಿನ್ ನಿಂತಾಗ ವಿದ್ಯುತ್ತೂ ಕಡಿತಗೊಂಡು, ನೆಲದಿಂದ ಎಷ್ಟು ಮೇಲಿದ್ದೇವೆಂದು ತೋರಿಸುವ ರೇಡಿಯೋ ಎತ್ತರಮಾಪಕವೂ ಇಳಿಯುವಾಗ ಬೆಳಕು ಬೀರುವ ದೀಪವೂ ಆರಿಹೋದವು. ಮಾಳಿಗೆಗೆ ಅಪ್ಪಳಿಸುವ ವೇಳೆಗೆ ಅಲಗುಗಳು ಪೂರ್ತಿ ನಿಂತಿದ್ದವು. ಬೀಜಕ್ಕೆ ರೆಕ್ಕೆಯೇ ಇಲ್ಲದಂತಾಗಿತ್ತು.

ಹಗಲಾಗಿದ್ದು, ಕೆಳಗೆ ಹೊಲವಿದ್ದರೆ ಬದುಕುತ್ತಿದ್ದರೇನೋ ಎಂದುಕೊಳ್ಳಬಹುದು. ಹಾಗೂ ಹೇಳಲಾಗದು ಎನ್ನುವುದಕ್ಕೆ ಅದಕ್ಕೂ ಎರಡು ವರ್ಷ ಹಿಂದೆ ಅಮೆರಿಕದ ಮಿಸೌರಿ ರಾಜ್ಯದಲ್ಲಿ ನಡೆದ ಅಪಘಾತ ಸಾಕ್ಷಿ. 2011ರ ಆಗಸ್ಟ್ 26ರ ಸಂಜೆ, ಇನ್ನೂ ಬೆಳಕಿತ್ತು. ಬೆಥನಿ ಎಂಬ ಊರಿನ ಆಸ್ಪತ್ರೆಯಿಂದ ರೋಗಿಯೊಬ್ಬರನ್ನು ಲಿಬರ್ಟಿ ಊರಿನ ಆಸ್ಪತ್ರೆಗೆ ಸಾಗಿಸಲು ಆಂಬುಲೆನ್ಸ್ ಹೆಲಿಕಾಪ್ಟರ್ ಬಂದಿತ್ತು. ಬೆಥನಿಯಲ್ಲಿ ಇಳಿದಾಗ ಪೈಲಟ್‌ಗೆ ಇಂಧನ ತಾವು ಅಂದುಕೊಂಡಷ್ಟಿಲ್ಲ ಎಂದು ಗೊತ್ತಾಯಿತು. ಹಿಂದಿನ ರಾತ್ರಿ ಹೆಲಿಕಾಪ್ಟರನ್ನು ತರಬೇತಿಗೆ ಬಳಸಲಾಗಿತ್ತು. ಹೊರಡುವ ಮುಂಚಿನ ತಪಾಸಣೆಯಲ್ಲಿ ಇದು ಕಣ್ಣಿಗೆ ಬೀಳಬೇಕಿತ್ತು, ಬೀಳಲಿಲ್ಲ.

ಈಗೇನು ಮಾಡುವುದು? ಅಲ್ಲೇ ನಿಂತು ಇಂಧನ ತರಿಸಿಕೊಳ್ಳಬಹುದಿತ್ತು. ರೋಗಿಯನ್ನು ಬೇರೆ ವಾಹನದಲ್ಲಿ ಕಳಿಸಬಹುದಿತ್ತು. ಅವರು ಆಯ್ದುಕೊಂಡದ್ದು ಮೂರನೆಯ ದಾರಿ. ಲಿಬರ್ಟಿಗಿಂತ ಸುಮಾರು 7 ಕಿಲೋಮೀಟರ್ ಈಚೆಗೆ ಮಾಸ್ಬಿ ಎಂಬಲ್ಲಿ ಚಿಕ್ಕ ವಿಮಾನ ನಿಲ್ದಾಣವಿದೆ, ಅಲ್ಲಿಳಿದು ತುಂಬಿಸಿಕೊಂಡು ಮುಂದೆ ಹೋಗುವುದು. ನೂರು ಕಿಲೋಮೀಟರಿಗೂ ಮೀರಿದ ದಾರಿಯಲ್ಲಿ 7 ಕಿಲೋಮೀಟರ್ ಉಳಿತಾಯ! 45 ನಿಮಿಷದ ಇಂಧನ ಇದೆಯೆಂದು ವರದಿ ಮಾಡಿ ಅವರು ಹೊರಟರು. ನಿಜಕ್ಕೂ ಇದ್ದದ್ದು 30 ನಿಮಿಷದ್ದು. ನಿಲ್ದಾಣಕ್ಕೆ ಒಂದು ಮೈಲಿ ಬಾಕಿ ಇದ್ದಾಗ ಎಂಜಿನ್ ನಿಂತಿತು. ಕೆಳಗೆ ಹೊಲವೇ ಇತ್ತು. ಆದರೆ ಆಟೊರೊಟೇಶನ್ ಕೈಗೂಡಲಿಲ್ಲ. ಮೂತಿ ಕೆಳಗಾಗಿ ಹೆಲಿಕಾಪ್ಟರ್ ನೆಲಕ್ಕೆ ಬಿತ್ತು. ಪೈಲಟ್, ದಾದಿ, ವೈದ್ಯಕೀಯ ಸಹಾಯಕ ಮತ್ತು ರೋಗಿ, ನಾಲ್ವರೂ ತೀರಿಕೊಂಡರು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2013ರಲ್ಲಿ ಹೇಳಿದ ಕಾರಣಗಳ ಪಟ್ಟಿ ನೋಡಿ: ಸರಿಯಾಗಿ ನಡೆಯದ ತಪಾಸಣೆ, ನಿದ್ದೆಗೆಟ್ಟ ದಣಿವು, ಕರ್ತವ್ಯದ ವೇಳೆಯಲ್ಲೇ ಪೈಲಟ್ ಮೊಬೈಲಿನಲ್ಲಿ ಖಾಸಗಿ ಸಂದೇಶ ವಿನಿಮಯ ಮಾಡುತ್ತಿದ್ದದ್ದು, ವೇಗವಾಗಿ ಹಾರುತ್ತಿರುವಾಗ ಎಂಜಿನ್ ನಿಂತರೆ ಹೇಗೆ ಇಳಿಯಬೇಕೆಂಬ ತರಬೇತಿಯ ಕೊರತೆ. ಇಂಧನದ ವಿಷಯ ಅವರು ದೂರವಾಣಿಯಲ್ಲಿ ತಮ್ಮ ಸಂಪರ್ಕ ಕೇಂದ್ರಕ್ಕೆ ತಿಳಿಸಿದ್ದರು. 'ಬೇಡ, ಅಲ್ಲೇ ನಿಲ್ಲಿ' ಎನ್ನಬಲ್ಲ ಅನುಭವಿಗಳಿಗೆ ಆ ಮಾತು ಮುಟ್ಟಲೇ ಇಲ್ಲ.

ಇದೇ ಬಗೆಯ ಸಾವು ಚರಿತ್ರೆಯ ಒಬ್ಬ ಪ್ರಸಿದ್ಧ ವಿಮಾನ ಚಾಲಕರಿಗೂ ಬಂತು. ಹಿರಿಯ ಓದುಗರಿಗೆ ಫ್ರಾನ್ಸಿಸ್ ಗ್ಯಾರಿ ಪವರ್ಸ್ ಹೆಸರು ನೆನಪಿರಬಹುದು. 1960ರ ಮೇ 1ರಂದು ಅಮೆರಿಕದ ಯು-2 ಬೇಹುಗಾರಿಕೆ ವಿಮಾನವನ್ನು ಸೋವಿಯತ್ ಕ್ಷಿಪಣಿ ಹೊಡೆದುರುಳಿಸಿದಾಗ ಅದನ್ನು ನಡೆಸುತ್ತಿದ್ದವರು ಅವರೇ. ಅಷ್ಟು ಎತ್ತರದಿಂದ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು, ಸೋವಿಯತ್ ಸೆರೆಮನೆ ಕಂಡರು, 1962ರಲ್ಲಿ ಬರ್ಲಿನ್ ಬಳಿಯ ಸೇತುವೆಯೊಂದರ ಮೇಲೆ ಸೋವಿಯತ್ ಗೂಢಚಾರ ರುಡಾಲ್ಫ್ ಏಬಲ್‌ಗೆ ಪ್ರತಿಯಾಗಿ ಬಿಡುಗಡೆಯಾದರು. ಮುಂದೆ ಲಾಸ್ ಏಂಜಲೀಸ್‌ನ ಟಿ.ವಿ. ಕೇಂದ್ರವೊಂದರ ಹೆಲಿಕಾಪ್ಟರ್ ಪೈಲಟ್ ಆದರು. 1977ರ ಆಗಸ್ಟ್ 1ರಂದು ಸಾಂಟಾ ಬಾರ್ಬರಾ ಕಡೆಯ ಕಾಳ್ಗಿಚ್ಚಿನ ಚಿತ್ರೀಕರಣ ಮುಗಿಸಿ ಮರಳುವಾಗ ಇಂಧನ ಮುಗಿದು ಹೆಲಿಕಾಪ್ಟರ್ ಬಿತ್ತು. ಪವರ್ಸ್ ಮತ್ತು ಛಾಯಾಗ್ರಾಹಕ ಇಬ್ಬರೂ ಸತ್ತರು. ಇಂಧನ ಮಾಪಕದ ಮುಳ್ಳು ಮೊದಲೇ ದೋಷದ್ದಾಗಿತ್ತು, ತಂದೆಗೆ ಹೇಳದೆ ಮೆಕ್ಯಾನಿಕ್ ಅದನ್ನು ಸರಿಮಾಡಿದ್ದರಿಂದ ಅವರು ತಪ್ಪು ತಿಳಿದರು ಎಂದು ಅವರ ಮಗ ಹೇಳಿದ್ದಾರೆ. ಮುಳ್ಳು ಸುಳ್ಳು ಹೇಳುತ್ತದೆಂದು ಒಮ್ಮೆ ಮನಸ್ಸಿಗೆ ಬಂದರೆ ಅದು ನಿಜ ಹೇಳಿದಾಗಲೂ ನಾವು ನಂಬುವುದಿಲ್ಲ. ತೋಳ ಬಂತು ತೋಳ ಎಂದ ಕುರುಬರ ಹುಡುಗನ ಕಥೆಯಂತೆ.

ರೆಕ್ಕೆಯ ವಿಮಾನಗಳಿಗೂ ಇಂಧನದ ಅಪಾಯ ಇಲ್ಲದಿಲ್ಲ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ನಡು ಆಕಾಶದಲ್ಲಿ ಬರಿದಾಯಿತು. ಇಂಧನದ ಲೆಕ್ಕದಲ್ಲಿ ಕಿಲೋ ಬದಲು ಪೌಂಡಿನ ಗುಣಕ ಬಳಸಿದ್ದೇ ಕಾರಣ. ಪರೀಕ್ಷೆಯಲ್ಲಿ ಏಕಮಾನ ಬರೆಯದಿದ್ದರೆ ಅಂಕ ಕಡಿಯುವ ಮೇಷ್ಟರನ್ನು ಬೈದುಕೊಳ್ಳುವ ಮಕ್ಕಳಿಗೆ ಈ ಕಥೆ ಹೇಳಬೇಕು. ಆ ವಿಮಾನ ಜಾರುತ್ತ ಬಂದು ಗಿಮ್ಲಿ ಎಂಬಲ್ಲಿನ ಹಳೆಯ ರನ್‌ವೇಯಲ್ಲಿ ಇಳಿಯಿತು, ಯಾರೂ ಸಾಯಲಿಲ್ಲ. ಅದಕ್ಕೆ ಅಗಲ ರೆಕ್ಕೆಗಳಿದ್ದವು, ಕಾಲಡಿ ಮೈಲಿಗಟ್ಟಲೆ ಎತ್ತರವಿತ್ತು, ಯೋಚಿಸಲು ನಿಮಿಷಗಳಿದ್ದವು. ತಗ್ಗಿನಲ್ಲಿ ಹಾರುವ ಹೆಲಿಕಾಪ್ಟರ್‌ಗೆ ಇವು ಯಾವುವೂ ಇಲ್ಲ.

ಹೆಲಿಕಾಪ್ಟರ್‌ನ ಕಷ್ಟ ಅದರ ಗುಣದಲ್ಲೇ ಇದೆ. ವಿಮಾನಕ್ಕಾದರೆ ಹೊರಡುವ ಊರು, ಸೇರುವ ಊರು ಮೊದಲೇ ನಿಗದಿ. ಹೆಲಿಕಾಪ್ಟರ್ ಎಲ್ಲೆಂದರಲ್ಲಿ ಹೋಗಬಲ್ಲದು, ಎಲ್ಲೆಂದರಲ್ಲಿ ನಿಂತು ತೇಲಬಲ್ಲದು; ಆದ್ದರಿಂದಲೇ ದಾರಿಯಲ್ಲಿ ಕೆಲಸಗಳು ಸೇರಿಕೊಳ್ಳುತ್ತ ಹೋಗುತ್ತವೆ. ನಿಂತಲ್ಲೇ ತೇಲುವುದು ಸುಲಭದ ಕೆಲಸದಂತೆ ಕಾಣುತ್ತದೆ. ನಿಜದಲ್ಲಿ ಹದವಾದ ವೇಗದಲ್ಲಿ ಮುಂದೆ ಹಾರುವುದಕ್ಕಿಂತ ಅದಕ್ಕೆ ಹೆಚ್ಚು ಶಕ್ತಿ ಬೇಕು, ಹೆಚ್ಚು ಇಂಧನವೂ ಬೇಕು. ಟ್ಯಾಂಕು ತುಂಬ ತುಂಬಿಸಿಕೊಂಡು ಹೊರಡೋಣವೆಂದರೆ ತೂಕದ ತೊಂದರೆ. ಇಂಧನ ಹೆಚ್ಚಾದರೆ ಒಬ್ಬ ಪ್ರಯಾಣಿಕನನ್ನೋ ಒಂದು ಸ್ಟ್ರೆಚರನ್ನೋ ಬಿಡಬೇಕಾಗುತ್ತದೆ. ಹೀಗಾಗಿ ಹೆಲಿಕಾಪ್ಟರ್ ಪೈಲಟ್ ಸದಾ ಅಳೆದು ಸುರಿದು ಖರ್ಚು ಮಾಡುವ ಸಂಸಾರಸ್ಥನಂತೆ.

ಅದಕ್ಕೇ ನಿಯಮಗಳಿರುವುದು. ಅಮೆರಿಕದ ನಿಯಮದ ಪ್ರಕಾರ ಕಣ್ಣಳತೆಯ ಹಾರಾಟಕ್ಕೆ ಹೊರಡುವ ಹೆಲಿಕಾಪ್ಟರ್, ಸೇರುವ ಜಾಗ ಮುಟ್ಟಿದ ಮೇಲೂ ಇನ್ನೂ 20 ನಿಮಿಷ ಹಾರುವಷ್ಟು ಇಂಧನ ಇಟ್ಟುಕೊಂಡಿರಬೇಕು. ಈ 20 ನಿಮಿಷ ಬಳಸುವುದಕ್ಕಲ್ಲ, ಬಳಸದಿರುವುದಕ್ಕೆ. ಎದುರುಗಾಳಿ ಬೀಸಿದರೆ, ಮಂಜು ಮುಸುಕಿದರೆ, ಇಳಿಯುವ ಜಾಗದಲ್ಲಿ ಜನ ತುಂಬಿದ್ದರೆ, ಮಾಪಕ ಸುಳ್ಳು ಹೇಳಿದರೆ ಮಾತ್ರ ಅದು ಬೇಕು. ಮಿಸೌರಿಯ ಪೈಲಟ್ ಬೆಥನಿ ಬಿಡುವಾಗಲೇ ಆ 20 ನಿಮಿಷ ಅವರ ಕೈಯಲ್ಲಿರಲಿಲ್ಲ.

ಇದೆಲ್ಲ ದೂರದ ದೇಶಗಳ ಮಾತು ಎನ್ನುವಂತಿಲ್ಲ. ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆ 1960ರ ದಶಕದಿಂದಲೇ ಚೇತಕ್ ಹೆಲಿಕಾಪ್ಟರುಗಳನ್ನು ಕಟ್ಟಿದೆ, ಅನಂತರ ಧ್ರುವ ಬಂದಿದೆ. ಚುನಾವಣೆ ಬಂತೆಂದರೆ ನಮ್ಮ ತಾಲೂಕು ಕೇಂದ್ರಗಳ ಶಾಲಾ ಮೈದಾನಗಳೂ ಹೆಲಿಪ್ಯಾಡ್ ಆಗುತ್ತವೆ. ಸುಣ್ಣದ ವೃತ್ತ, ಧೂಳೇಳದಂತೆ ಚಿಮುಕಿಸಿದ ನೀರು, ಮರ ಹತ್ತಿ ಕುಳಿತ ಹುಡುಗರು. ನಾಯಕರು ಬರುವುದು ಒಂದೆರಡು ಗಂಟೆ ತಡವಾದರೆ ಯಾರಿಗೂ ಆಶ್ಚರ್ಯವಿಲ್ಲ. 'ಇನ್ನೊಂದು ಸಭೆ ಮುಗಿಸಿಯೇ ಹೋಗೋಣ' ಎಂದು ಹಿಂದಿನ ಸೀಟಿನಿಂದ ಮಾತು ಬಂದಾಗ ಮುಂದಿನ ಸೀಟಿನಲ್ಲಿ ಕುಳಿತವರು 'ಇಲ್ಲ ಸಾರ್, ಇಂಧನ ಸಾಲದು' ಎನ್ನಬೇಕು. ಹಾಗೆ ಹೇಳಿದವರ ಕೆಲಸಕ್ಕೆ ಕುತ್ತು ಬರಬಾರದು. ಗ್ಲಾಸ್ಗೋದ ಹೆಲಿಕಾಪ್ಟರ್‌ಗೂ ಮಿಸೌರಿಯ ಹೆಲಿಕಾಪ್ಟರ್‌ಗೂ ಮುಳ್ಳಾದುದು ದೊಡ್ಡ ಸಾಹಸವೇನಲ್ಲ. ಇನ್ನೊಂದೇ ಕೆಲಸ, ಇನ್ನೊಂದೇ ಮೈಲಿ.

ಯಂತ್ರ ತನ್ನ ಪಾಲಿನ ಕೆಲಸ ಮಾಡಿತ್ತು, ಐದು ಸಲ ಕೂಗಿತ್ತು. ಆಕಾಶದಲ್ಲಿ ಕುಳಿತು ಯೋಚಿಸುವವರಿಗೆ ಇನ್ನೊಂದು ಮೈಲಿ ಯಾವಾಗಲೂ ಹತ್ತಿರವೇ ಕಾಣುತ್ತದೆ. ಆದ್ದರಿಂದ ಎಷ್ಟು ಉಳಿದಾಗ ಇಳಿಯಬೇಕು ಎಂಬ ತೀರ್ಮಾನ ನೆಲದ ಮೇಲಿರುವಾಗಲೇ ಆಗಬೇಕು. ಆ ಅಂಕಿ ಬಂದಾಗ ಕೆಳಗೆ ಶಾಲೆಯ ಮೈದಾನವಿರಲಿ, ಗದ್ದೆಯಿರಲಿ, ಇಳಿದುಬಿಡಬೇಕು. ಎಲ್ಲೆಂದರಲ್ಲಿ ಇಳಿಯಬಲ್ಲ ಯಂತ್ರವನ್ನು ಮನುಷ್ಯ ಕಟ್ಟಿದ್ದೇ ಅದಕ್ಕಲ್ಲವೆ?